ಡಬ್ಬಿಯ ಮೇಲಿನ ಹೆಸರು

ಖಾಸಗಿ ವಿಮಾನ ಎಂದರೆ ಒಳಗೆಲ್ಲ ಅತ್ತರಿನ ಪರಿಮಳ ಇರುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಅಲ್ಲಿ ಏನಿರುತ್ತದೆ ಅಂತ ನನ್ನ ಮೂಗಿಗೆ ಗೊತ್ತು. ಗುಟ್ಕಾ ಉಗಿದ ಕಾಗದದ ಲೋಟ, ಬಿಳಿ ಸೀಟಿನ ಮೇಲೆ ಚಾಚಿದ ಬೂಟುಗಾಲು, ಸಂದಿಯಲ್ಲಿ ತುರುಕಿದ ಕೋಳಿಯ ಎಲುಬು. ಏಳು ಸೀಟಿನ ವಿಮಾನದಲ್ಲಿ ಗಗನಸಖಿ ಇರುವುದಿಲ್ಲ. ಹಾರಿಸುವವರೂ ನಾವಿಬ್ಬರು ಪೈಲಟ್‌ಗಳೇ, ಬ್ಯಾಗು ಹೊರುವವರೂ ನಾವೇ, ಅವರು ಇಳಿದ ಮೇಲೆ ಉಗುಳು ಒರೆಸುವವರೂ ನಾವೇ. ಈ ಹೇಸಿಗೆಯೆಲ್ಲ ನನಗೆ ರೂಢಿಯಾಗಿದೆ. ಒಂದು ಮಾತ್ರ ಇನ್ನೂ ಗಂಟಲಿನಿಂದ ಕೆಳಗೆ ಇಳಿದಿಲ್ಲ.

ಹೋದ ಮಳೆಗಾಲದಲ್ಲಿ ಬೈಲಹೊಂಗಲದ ಸಾಹುಕಾರರೊಬ್ಬರನ್ನೂ ಅವರ ಹೆಂಡತಿಯನ್ನೂ ಬೆಳಗಾವಿಯಿಂದ ಹೈದರಾಬಾದಿಗೆ, ಒಂದು ಮದುವೆಗೆ ಕರೆದೊಯ್ಯಬೇಕಿತ್ತು. ಏಣಿಯ ಬುಡದಲ್ಲಿ ನಿಂತು ನಮಸ್ಕಾರ ಹೇಳಿದೆ. ನನ್ನ ಮಾತಿನ ಧಾಟಿ ಕೇಳಿದ್ದೇ ಸಾಹುಕಾರರ ಮುಖ ಅರಳಿತು.

"ಯಾವೂರ್ರಿ ಕ್ಯಾಪ್ಟನ್ ಸಾಹೇಬ್ರ?"

"ರಾಮದುರ್ಗದ ಹತ್ರ, ಸಾಲಹಳ್ಳಿರಿ."

"ಅರೆ, ನಮ್ಮವರ ಅದೀರಲ್ಲ!" ಎಂದು ಹೆಗಲ ಮೇಲೆ ಕೈ ಹಾಕಿದರು. ಅವರ ಹೆಂಡತಿ ಚೀಲದಿಂದ ಸ್ಟೀಲಿನ ಡಬ್ಬಿಯೊಂದನ್ನು ತೆಗೆದು ನನ್ನ ಕೈಗಿಟ್ಟರು. "ಶೇಂಗಾ ಹೋಳಿಗಿ ಅದಾವ್ರಿ, ಇಬ್ಬರೂ ತಿನ್ರಿ. ಮನ್ಯಾಗ ಮಾಡೇನಿ." ಮುಚ್ಚಳದ ಮೇಲೆ ಸಾಹುಕಾರರ ಹೆಸರು ಚುಕ್ಕಿ ಚುಕ್ಕಿಯಾಗಿ ಕೆತ್ತಿತ್ತು. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಆಮೇಲೆ ಆ ಪ್ರಶ್ನೆ ಬಂತು.

"ಸಾಲಹಳ್ಳಿಯಾಗ ಯಾರ ಪೈಕಿ ರೀ?"

ಹೀಗೆ ಕೇಳಿದರೆ ಕೇಳಿದ್ದು ಜಾತಿಯನ್ನು ಎಂದು ನಮ್ಮ ಕಡೆ ಕೂಸಿಗೂ ಗೊತ್ತು.

"ಬೌದ್ಧರರಿ ನಾವು. ಊರ ಹೊರಗಿನ ಓಣಿಯವರು."

"ಹಾಂ, ಹಾಂ," ಎಂದರು. ಹೆಗಲ ಮೇಲಿದ್ದ ಕೈ ಆಗಲೇ ಜೇಬಿಗೆ ಹೋಗಿತ್ತು.

ಹೈದರಾಬಾದಿನಲ್ಲಿ ಇಳಿದಾಗ ಡಬ್ಬಿ ತೊಳೆದು, ಒರೆಸಿ, ಕೊಡಲು ಹೋದೆ. ಹೆಂಡತಿ ಗಂಡನ ಮುಖ ನೋಡಿದರು. ಸಾಹುಕಾರರು ಡಬ್ಬಿಯ ಕಡೆ ನೋಡದೆ, "ಇರಲಿ ಬಿಡು, ನೀನ ಇಟ್ಕೋ" ಎಂದರು. ಬೆಳಗಾವಿಯಲ್ಲಿದ್ದ 'ರೀ' ದಾರಿಯಲ್ಲೇ ಎಲ್ಲೋ ಉದುರಿಹೋಗಿತ್ತು. ನಾನೂ ಇಲ್ಲಿಂದ ಮುಂದೆ ಅವನಿಗೆ ಬಹುವಚನ ಹಾಕುವುದಿಲ್ಲ.

ನೋಡುವವರಿಗೆ ಅದು ದೊಡ್ಡ ಮನಸ್ಸು. ನನಗೆ ಗೊತ್ತಾಯಿತು. ಸಾಲಹಳ್ಳಿಯಲ್ಲಿ ನನ್ನ ಅಜ್ಜಿಯ ಮನೆಯ ಪಾತ್ರೆಗಳ ಮೇಲೆಲ್ಲ ಬೇರೆಯವರ ಹೆಸರುಗಳಿದ್ದವು. ಮದುವೆಯಲ್ಲಿ ಅನ್ನ ಹಾಕಿಕೊಟ್ಟ ಗಂಗಾಳ, ಹಬ್ಬಕ್ಕೆ ಸಾರು ಸುರಿದ ತಂಬಿಗೆ. ನಮ್ಮ ಕೈ ತಾಗಿದ್ದನ್ನು ಕೊಟ್ಟವರು ತಿರುಗಿ ಮುಟ್ಟುತ್ತಿರಲಿಲ್ಲ. ಶಾಲೆಗೆ ಹೋಗಲು ಶುರುಮಾಡಿದಾಗ ನಾನು ಅಕ್ಷರ ಕೂಡಿಸಿ ಓದಿದ್ದು ಆ ಹೆಸರುಗಳನ್ನೇ. ಮೋಡದ ಮೇಲೆ ವಿಮಾನ ಹಾರಿಸುವ ನನ್ನ ಕೈಗೂ ಅದೇ ಗಂಗಾಳವೇ? ಮೈಯೆಲ್ಲ ಉರಿಯಿತು. ಈ ಡಬ್ಬಿ ಅವನು ವಾಪಸು ತೆಗೆದುಕೊಳ್ಳಲೇಬೇಕು, ನನ್ನ ಕೈಯಿಂದಲೇ ತೆಗೆದುಕೊಳ್ಳಬೇಕು ಎಂದು ಹಟ ಹಿಡಿದೆ.

ಮರುದಿನ ಹೊರಡುವ ಮೊದಲು ನಮ್ಮ ಕಂಪನಿಯ ಆಫೀಸಿನಿಂದ ಫೋನ್ ಬಂತು. ಸಾಹುಕಾರ ಬೇರೆ ಪೈಲಟ್ ಕೇಳಿದ್ದನಂತೆ. "ಯಾರೂ ಸಿಗಲಿಲ್ಲ. ನೀವು ಕಾಕ್‌ಪಿಟ್‌ನಿಂದ ಹೊರಗೆ ಬರಬೇಡಿ, ಮಾತೆಲ್ಲ ಕೋಪೈಲಟ್ ಆಡಲಿ. ದೊಡ್ಡ ಗಿರಾಕಿ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ." ಸಾಹುಕಾರನಿಗಿಂತ ಈ 'ಅಡ್ಜಸ್ಟ್' ಕೇಳಿ ನನಗೆ ಹೆಚ್ಚು ಅಸಹ್ಯವಾಯಿತು. ಹೂಂ ಅಂದೆ. ಕೈಗೆ ಕೊಡುವುದು ಇಳಿದ ಮೇಲಾಯಿತು, ಅಲ್ಲಿಯವರೆಗೆ ಕಣ್ಣಿಗಾದರೂ ಬೀಳುತ್ತಿರಲಿ ಎಂದು, ಗಂಡ ಹೆಂಡತಿ ಬರುವ ಮೊದಲೇ ಡಬ್ಬಿಯನ್ನು ಅವನ ಸೀಟಿನ ಪಕ್ಕದ ಖಾನೆಯಲ್ಲಿ ಇಟ್ಟೆ.

ಮದುವೆಯ ಊಟ ಅವನ ಹೊಟ್ಟೆಯಲ್ಲಿ ಭರ್ತಿಯಾಗಿತ್ತು. ರಾಮದುರ್ಗ ದಾಟುವವರೆಗೆ ಎಲ್ಲ ಸರಿಯಿತ್ತು. ಸವದತ್ತಿಯ ಮೇಲೆ ಮೋಡದೊಳಗೆ ಇಳಿದೆವು. ಕೆಳಗಿನ ಅಣೆಕಟ್ಟಿನ ಹಿನ್ನೀರು ಕಾಣದಾಯಿತು, ವಿಮಾನ ಜರಡಿಯಲ್ಲಿ ಹಾಕಿ ಆಡಿಸಿದಂತೆ ಅಲುಗಾಡಿತು. ಹಿಂದಿನಿಂದ ಓಕರಿಕೆಯ ಸದ್ದು ಕೇಳಿಸಿತು, ಜೊತೆಗೆ ಅವನ ಹೆಂಡತಿಯ ಕೂಗು: "ಅಯ್ಯ, ಆ ಡಬ್ಬಿ ಹಿಡ್ಕೋರಿ, ಡಬ್ಬಿ!" ವಾಂತಿಯ ಚೀಲ ಅವನ ಎದುರಿಗೇ ಇತ್ತು. ಗಡಿಬಿಡಿಯಲ್ಲಿ ಯಾರು ನೋಡುತ್ತಾರೆ?

ಇಳಿದ ಮೇಲೆ ಕ್ಯಾಬಿನ್ನಿಗೆ ಬಂದೆ. ಡಬ್ಬಿ ತುಂಬಿ, ಮಿಕ್ಕದ್ದು ಸೀಟು, ನೆಲ, ಅವನ ಜರಿ ಶಲ್ಯದ ಮೇಲೆ ಬಿದ್ದಿತ್ತು. ಅವನಿಗೆ ಏಳಲು ತ್ರಾಣವಿರಲಿಲ್ಲ. ಕೋಪೈಲಟ್ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಆಫೀಸಿನ ಮಾತು ಹಾಳಾಗಿ ಹೋಗಲಿ ಎಂದು ನಾನೇ ಅವನ ತೋಳು ಹಿಡಿದು ಎಬ್ಬಿಸಿ, ಮೈಗೆ ಆನಿಸಿಕೊಂಡು ಏಣಿ ಇಳಿಸಿದೆ. ಕೆಳಗೆ ಕಾಲಿಟ್ಟದ್ದೇ ತಡ, ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಆಕೆ ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು ಅವನಿಗೆ ಚಿಮುಕಿಸಿದರು. ಗದ್ದದ ಮೇಲೆ ಅನ್ನದ ಅಗಳು ಹಾಗೇ ಅಂಟಿತ್ತು. ನೀರು ಬಿದ್ದದ್ದು ನಾನು ಹಿಡಿದ ತೋಳಿಗೆ.

ನಾನು ಮತ್ತೆ ಮೇಲೆ ಹೋಗಿ ಡಬ್ಬಿಯ ಮುಚ್ಚಳ ಬಿಗಿಯಾಗಿ ಒತ್ತಿದೆ. ಹೊರಗೆಲ್ಲ ಒರೆಸಿದೆ, ಹೆಸರು ಚೆನ್ನಾಗಿ ಕಾಣುತ್ತಿತ್ತು.

ನಿಲ್ದಾಣದ ಹೊರಗೆ ಕಿತ್ತೂರಿನ ಅವನ ಬೀಗರು ಕಾರು ತಂದು ಕಾಯುತ್ತಿದ್ದರು. ನನ್ನ ಸಮವಸ್ತ್ರ ನೋಡಿ, "ನಮಸ್ಕಾರ್ರಿ ಕ್ಯಾಪ್ಟನ್ ಸಾಹೇಬ್ರ, ಸುಸೂತ್ರ ಕರಕೊಂಡ ಬಂದ್ರಿ" ಎಂದು ಕೈ ಮುಗಿದರು. ಅವರ ಎದುರಿಗೇ ಎರಡೂ ಕೈಯಿಂದ ಡಬ್ಬಿ ಚಾಚಿದೆ.

"ಸಾವಕಾರ್ರ, ನಿಮ್ಮ ಡಬ್ಬಿ."

ಅವನು ಹಿಂದೆಮುಂದೆ ನೋಡಿದ. ಬೀಗರು ಅವನನ್ನೇ ನೋಡುತ್ತಿದ್ದರು.

"ಹಿಡೀರಿ," ಎಂದೆ. "ಇದರಾಗ ಈಗ ನಂದೇನೂ ಇಲ್ರಿ. ಎಲ್ಲಾ ನಿಮ್ದ ಐತಿ."

ಹಿಡಿದುಕೊಂಡ. ಡಬ್ಬಿ ಇನ್ನೂ ಬೆಚ್ಚಗಿತ್ತು.