ಮಲ್ಲಿಕಾಂಬನ ನಗೆಪದ್ಯಕ್ಕೆ ಬಿದ್ದ ಕೆಂಪು ತ್ರಿಕೋನ

ಅಜ್ಜಂಪುರದ ಪೇಟೆಬೀದಿಯಲ್ಲಿ ಕೊಬ್ಬರಿ ವ್ಯಾಪಾರಿ ಷಣ್ಮುಖಪ್ಪನವರ ಮನೆಯಲ್ಲಿ ಊಟಕ್ಕೆ ಕೂತರೆ ಹತ್ತೊಂಬತ್ತು ಜನ. ಬಡಿಸುವ ಕೆಲಸ ಅವರ ಹೆಂಡತಿ ಮಲ್ಲಿಕಾಂಬನದು. ಮಕ್ಕಳ ಜಗಳ, ಓರಗಿತ್ತಿಯರ ಮುನಿಸು, ಸಾರಿಗೆ ಉಪ್ಪು ಜಾಸ್ತಿಯಾಯಿತೆಂಬ ದೂರು, ಇಷ್ಟನ್ನೂ ದಾಟಿ ಅನ್ನ ಎಲ್ಲರ ಗಂಟಲಲ್ಲಿ ಇಳಿಯಬೇಕಾದರೆ ಒಂದೇ ದಾರಿ ಎಂದು ಆಕೆ ಕಂಡುಕೊಂಡಿದ್ದಳು. ಬಡಿಸುತ್ತಲೇ ಪದ್ಯ ಕಟ್ಟುತ್ತಿದ್ದಳು. ಮಧ್ಯಾಹ್ನ ಬಿಡುವಾದಾಗ ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ, ಮಸಿ, ಅರಿಶಿನ, ಬಟ್ಟೆಗೆ ಹಾಕುವ ನೀಲಿ ಕಲಸಿ ಆ ಪದ್ಯಕ್ಕೆ ಚಿತ್ರ ಬರೆದು ಊಟದ ಪಡಸಾಲೆಯ ಮೊಳೆಗೆ ನೇತುಹಾಕುತ್ತಿದ್ದಳು.

ಮೊದಲು ಗೋಡೆ ಏರಿದ್ದು ಅತ್ತೆ ತೀರ್ಥಮ್ಮ.

ಅಜ್ಜಿ ಏರಿಸಿ ನಶ್ಯದ ಚಿಟಿಕೆ
ಸೀನಿದ ರಭಸಕೆ ಉರುಳಿತು ಮಡಿಕೆ;
ಬೆಕ್ಕು ಹತ್ತಿತು ಅಟ್ಟದ ಮೇಲೆ,
ಅಜ್ಜನ ಪೇಟ ಬೆಕ್ಕಿನ ಮೇಲೆ!

ಸೊಸೆಗೆ ಈಗ ಗ್ರಹಚಾರ ಎಂದು ಓರಗಿತ್ತಿಯರು ಕಾದರು. ತೀರ್ಥಮ್ಮ ಮಾತ್ರ ಚಿತ್ರವನ್ನು ಹತ್ತಿರದಿಂದ ನೋಡಿ, ದೂರದಿಂದ ನೋಡಿ, ಪಕ್ಕದ ಮನೆಯವರನ್ನೆಲ್ಲ ಕರೆದುಕೊಂಡು ಬಂದರು. "ನೋಡ್ರೇ, ನಾನೇ ಕಣ್ರೇ ಇದು! ಮೂಗು ಹೆಂಗ್ ಕೂತೈತೆ!"

ಷಣ್ಮುಖಪ್ಪನವರು ನಗುವವರಲ್ಲ. ನಕ್ಕರೆ ಕೊಬ್ಬರಿಯ ದರ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಆದರೂ ಆ ಹಾಳೆಗಳನ್ನು ಅವರು ಕೀಳಲಿಲ್ಲ. ಅವುಗಳ ಕೆಳಗೆ ಕೂತು, ಅವು ಇಲ್ಲವೇ ಇಲ್ಲವೆಂಬಂತೆ ಊಟ ಮಾಡಿ ಏಳುತ್ತಿದ್ದರು.

ಹೀಗಿರುವಾಗ, ಎಪ್ಪತ್ತಾರನೆಯ ಇಸವಿಯಲ್ಲಿ, ಮಗಳ ಮದುವೆಗೆ ಕೊಬ್ಬರಿ ಕೊಳ್ಳಲು ತರೀಕೆರೆಯಿಂದ ಶಿವಮೂರ್ತಪ್ಪನವರು ಬಂದರು. ನಿವೃತ್ತ ಹೆಡ್‌ಮಾಸ್ಟರು, ಅಲ್ಲಿನ ಸಾಹಿತ್ಯ ಸಂಘದ ಅಧ್ಯಕ್ಷರು. ಸಂಘದಲ್ಲಿ ಅವರನ್ನು ಬಿಟ್ಟರೆ ಕಾರ್ಯದರ್ಶಿ ಇದ್ದ, ಅವನಿಗೆ ಓದುವ ಹವ್ಯಾಸವಿರಲಿಲ್ಲ. ಪಡಸಾಲೆಯ ಗೋಡೆ ನೋಡಿ ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

"ಷಣ್ಮುಖಪ್ನೋರೇ, ಇದು ಪುಸ್ತಕ ಆಗ್ಬೇಕು. ಮನೆಮಂದಿಯೆಲ್ಲ ಕೂತು ಓದಿ ನಗುವಂಥ ಸಚಿತ್ರ ಕಾವ್ಯ! ಎಲ್ಲಾ ನನಗೆ ಬಿಡಿ."

ಮಲ್ಲಿಕಾಂಬ ಸೆರಗಿನ ತುದಿ ತಿರುಚುತ್ತ ಬಾಗಿಲಲ್ಲಿ ನಿಂತಿದ್ದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಆಕೆ ಮಾಡಿದ್ದೊಂದನ್ನು ಪರರು ಹೀಗೆ ಹೊಗಳಿದ್ದು ಇದೇ ಮೊದಲು. ಹಾಳೆಗಳನ್ನೆಲ್ಲ ಮಡಿಸಿ ತಾನೇ ಕೊಟ್ಟಳು.

ಮೇಷ್ಟ್ರು ಅವನ್ನು ತರೀಕೆರೆಗೆ ಒಯ್ದು, ಮೇಜಿನ ಮೇಲೆ ಹರವಿ, ತಿದ್ದತೊಡಗಿದರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಎಮ್ಮೆ.

ಏಳೇ ಎಮ್ಮೆ ಎಂದರೆ ಮಾವ
ಬೀಸಿತು ಬಾಲ, ತೋರದು ಭಾವ;
ಹೊಂಡದಿ ಸುಖವಾಗಿರುವಾಗ
ಏಳುವುದೇತಕೆ ಕರೆದಾಗ?

ಅದು ತುರ್ತು ಪರಿಸ್ಥಿತಿಯ ಕಾಲ. ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುತ್ತವೆ ಎಂದು ಬಸ್‌ಸ್ಟ್ಯಾಂಡಿನ ಬೋರ್ಡು ಹೇಳುತ್ತಿತ್ತು. ಬಸ್ಸಿಗೆ ಕಾದವರು ಬಾಯಿ ಮುಚ್ಚಿಕೊಂಡು ಅದನ್ನು ಓದುತ್ತಿದ್ದರು. ಕರೆದಾಗ ಏಳದ ಎಮ್ಮೆಯನ್ನು ಅಚ್ಚು ಹಾಕಿಸಿದರೆ ತಮ್ಮ ಪಿಂಚಣಿಯ ಗತಿ ಏನೆಂದು ಮೇಷ್ಟ್ರು ಯೋಚಿಸಿದರು. ಅವರ ಕೆಂಪು ಪೆನ್ನು ತಗಲಿದ್ದೇ ಎಮ್ಮೆ ಥಟ್ಟನೆ ಎದ್ದಿತು. ಎದ್ದು ಎರಡರಷ್ಟು ಹಾಲು ಕೊಟ್ಟಿತು. ತೀರ್ಥಮ್ಮನವರ ಗತಿ ಇನ್ನೂ ಶೋಚನೀಯವಾಯಿತು.

ಅಜ್ಜಿಯು ನಶ್ಯವ ತ್ಯಜಿಸಿದಳಂದೆ,
ಆರೋಗ್ಯಭಾಗ್ಯವ ಪಡೆದಳು ಮುಂದೆ;
ದುಶ್ಚಟ ಬಿಟ್ಟರೆ ದೇಶಕೆ ಹಿತವು,
ಅರಿತು ನಡೆವುದೇ ಸಜ್ಜನಮತವು.

ಚಿತ್ರಗಳ ಪಾಲು ಮುದ್ರಕ ಅಂಜಿನಪ್ಪನಿಗೆ ಬಂತು. ಮದುವೆ ಕರೆಯೋಲೆ, ಕರಪತ್ರಗಳ ಸಣ್ಣ ಪ್ರೆಸ್ಸು ಅವನದು. ಒಂದೊಂದು ಚಿತ್ರಕ್ಕೂ ಹೊಸ ಅಚ್ಚಿನ ಬ್ಲಾಕ್ ಮಾಡಿಸಲು ದೂರದ ಊರಿಗೆ ಹೋಗಬೇಕು. "ನನ್ಹತ್ರ ಇರೋ ಬ್ಲಾಕ್ ಹಾಕ್ತೀನಿ ಬಿಡಿ ಮೇಷ್ಟ್ರೇ, ಚಿತ್ರ ಅಂದ್ರೆ ಚಿತ್ರ ತಾನೇ," ಎಂದ. ಹಾಗಾಗಿ ಅಜ್ಜಿಯ ಪದ್ಯದ ಪಕ್ಕದಲ್ಲಿ ಬಾಳೆಕಂಬ, ಎಮ್ಮೆಯ ಪಕ್ಕದಲ್ಲಿ ಹಸ್ತಲಾಘವ. ಹತ್ತೊಂಬತ್ತು ಜನ ಒಟ್ಟಿಗೆ ಕೂತು ಉಣ್ಣುವ ಪದ್ಯಕ್ಕೆ 'ಕುಟುಂಬ'ದ ಚಿತ್ರ ಬೇಕಲ್ಲ? ಅಂಜಿನಪ್ಪನ ಹತ್ತಿರ ಇದ್ದ ಕುಟುಂಬ ಒಂದೇ: ಗಂಡ, ಹೆಂಡತಿ, ಎರಡೇ ಮಕ್ಕಳು, ಜೊತೆಗೊಂದು ತ್ರಿಕೋನ. ಕುಟುಂಬ ಯೋಜನೆಯ ಕರಪತ್ರಕ್ಕೆ ಮಾಡಿಸಿದ್ದು. ಅದು ಚೆನ್ನಾಗಿ ಕಾಣುತ್ತದೆಂದು ಕೆಂಪು ಶಾಯಿಯಲ್ಲಿ ರಕ್ಷಾಪುಟಕ್ಕೂ ಹಾಕಿದ.

ಬಿಡುಗಡೆ ತರೀಕೆರೆಯ ಕಲ್ಯಾಣಮಂಟಪದಲ್ಲಿ. ಷಣ್ಮುಖಪ್ಪನವರ ಮನೆಯವರೆಲ್ಲ ಬಸ್ಸು ಹತ್ತಿ ಹೋದರು. ವೇದಿಕೆಯ ಮೇಲೆ ಮೇಷ್ಟ್ರು, ತಾಲ್ಲೂಕಿನ ದೊಡ್ಡ ಅಧಿಕಾರಿಯೊಬ್ಬರು, ಮುದ್ರಕ ಅಂಜಿನಪ್ಪ, ಮತ್ತು ಕವಯಿತ್ರಿಯ ಗಂಡನೆಂಬ ಕಾರಣಕ್ಕೆ ಷಣ್ಮುಖಪ್ಪನವರು. ಕವಯಿತ್ರಿಗೆ ಹೆಂಗಸರ ಕಡೆ, ಕಂಬದ ಹಿಂದೆ ಜಾಗ ಸಿಕ್ಕಿತು. ಅಲ್ಲೇ ಆಕೆ ತನ್ನ ಪುಸ್ತಕವನ್ನು ಮೊದಲ ಸಲ ಕಂಡದ್ದು. ಪುಟ ತಿರುಗಿಸಿದಳು. ತನ್ನದು ಯಾವುದಾದರೂ ಇದೆಯೇ ಎಂದು ಮತ್ತೆ ಮೊದಲಿನಿಂದ ತಿರುಗಿಸಿದಳು. ಹೆಸರು ಮಾತ್ರ ತನ್ನದಿತ್ತು, ಅದರಲ್ಲೂ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು.

ಮೇಷ್ಟ್ರು 'ಸಾಹಿತ್ಯದಲ್ಲಿ ಹಾಸ್ಯದ ಸ್ಥಾನ' ಎಂಬ ವಿಷಯವಾಗಿ ಮಾತಾಡಿದರು. ಅಷ್ಟು ಹೊತ್ತೂ ಮಂಟಪದಲ್ಲಿ ಯಾರೂ ನಗಲಿಲ್ಲ. ಅಧಿಕಾರಿ ಪುಸ್ತಕ ಬಿಚ್ಚುವ ಗೋಜಿಗೆ ಹೋಗದೆ ರಕ್ಷಾಪುಟ ನೋಡಿ ಎದ್ದರು. "ಮಿತಸಂಸಾರದ ಮಹತ್ವವನ್ನು ಪದ್ಯದ ಮೂಲಕ ಸಾರಿದ ಈ ತಾಯಿಯನ್ನು ಅಭಿನಂದಿಸುತ್ತೇನೆ," ಎಂದರು. ಮುಂದಿನ ಎರಡು ಸಾಲು ತುಂಬ ಕೂತಿದ್ದ ಷಣ್ಮುಖಪ್ಪನವರ ಮನೆಯವರು ಚಪ್ಪಾಳೆ ತಟ್ಟಿದರು. ಉಳಿದ ಪ್ರತಿಗಳನ್ನೆಲ್ಲ ಕುಟುಂಬ ಯೋಜನೆಯ ಶಿಬಿರಗಳಿಗೆ ಕೊಂಡುಕೊಳ್ಳುವುದಾಗಿ ಅಧಿಕಾರಿ ಘೋಷಿಸಿದಾಗ ಅಂಜಿನಪ್ಪ ಎದ್ದುನಿಂತೇ ತಟ್ಟಿದ.

ಕೊನೆಗೆ ಮೇಷ್ಟ್ರು ಅಜ್ಜಿಯ ಪದ್ಯ ವಾಚಿಸಿದರು. 'ಸಜ್ಜನಮತವು' ಎಂದು ರಾಗ ಎಳೆಯುವಾಗ ಹೆಂಗಸರ ಕಡೆಯಿಂದ ಕೂಗು ಬಂತು.

"ಅದು ಹಂಗಲ್ಲ ಕಣ್ರೀ!" ತೀರ್ಥಮ್ಮ ಎದ್ದಿದ್ದರು. "ನಾನ್ ಯಾವಾಗ್ರೀ ನಶ್ಯ ಬಿಟ್ಟೆ? ನನ್ ಮಡಿಕೆ ಎಲ್ಲಿ? ಬೆಕ್ಕು ಎಲ್ಲಿ? ಲೇ ಮಲ್ಲೀ, ಎದ್ದು ಹೇಳೇ ನಿನ್ ಪದ್ಯಾನ!"

ಮಲ್ಲಿಕಾಂಬ ಎದ್ದಳು. ಕಂಬ ಹಿಡಿದುಕೊಂಡೇ ನಶ್ಯದ ಪದ್ಯ ಹೇಳಿದಳು. ಬೆಕ್ಕು ಅಟ್ಟ ಹತ್ತುವಷ್ಟರಲ್ಲಿ ಮಂಟಪ ಗೊಳ್ಳೆಂದಿತು. ಎಮ್ಮೆಯೂ ಹೊಂಡಕ್ಕೆ ಮರಳಿತು. ಧೈರ್ಯ ಬಂದು, ಗೋಡೆಗೆ ಎಂದೂ ಹಾಕದೆ ಒಳಗಿಟ್ಟುಕೊಂಡಿದ್ದ ಒಂದನ್ನೂ ಹೇಳಿಬಿಟ್ಟಳು.

ಕೊಬ್ಬರಿ ಸಾವ್ಕಾರ್ ಹಲ್ಲು ಬಿಟ್ಟರು,
ನೋಡಲು ಊರವರು ನೆರೆದುಬಿಟ್ಟರು;
"ನಕ್ಕಿದ್ದಲ್ರೋ, ಹಲ್ಲಿನ ಸಂದಿಗೆ
ಸಿಕ್ಕಿದೆ ಚೂರು" ಎಂದರು ಮಂದಿಗೆ.

ಜನ ವೇದಿಕೆಯ ಕಡೆ ತಿರುಗಿ ನಕ್ಕರು. ಷಣ್ಮುಖಪ್ಪನವರು ಹಾರ ಹಾಕಿಸಿಕೊಂಡ ಫೋಟೋದಂತೆ ಕೂತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿಯ ಕಡೆ ಬೆನ್ನು ಮಾಡಿ ಕೂತರು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಪುಸ್ತಕಗಳು ಶಿಬಿರದ ಜೀಪು ಹತ್ತಿದವು. ಕೆಲವು ವಾರದ ಮೇಲೆ, ಹತ್ತಿರದ ಹಳ್ಳಿಯಿಂದ ಬೆಣ್ಣೆ ತರುವ ದ್ಯಾಮಮ್ಮ ಬುಟ್ಟಿ ಇಳಿಸಿದವಳು ಗೋಳಾಡಿದಳು. "ಅಮ್ಮಾರೇ, ನಿಮ್ ಪುಸ್ತ್ಕ ಕಂಡ್ರೆ ಸಾಕು, ನಮ್ಮೂರ್ ಗಂಡಸ್ರೆಲ್ಲ ಜೋಳದ್ ಹೊಲಕ್ಕೆ ನುಗ್ತಾರೆ. ಅದು ಬಂತು ಅಂದ್ರೆ ಹಿಂದೇನೆ ಜೀಪು ಬತ್ತದೆ, ಆಪ್ರೇಶನ್ಗೆ ಎಳ್ಕೊಂಡು ಹೋಯ್ತಾರೆ ಅಂತ. ನಮ್ ಯಜಮಾನ ಮೂರು ದಿನದಿಂದ ಮನೇಲಿ ಉಂಡಿಲ್ಲ."

ಮಲ್ಲಿಕಾಂಬ ಅಂದು ಊಟಕ್ಕೆ ಬಡಿಸುವಾಗ ಪದ್ಯ ಹೇಳಲಿಲ್ಲ. ಹತ್ತೊಂಬತ್ತು ಜನರನ್ನು ನಗಿಸಿ ಉಣ್ಣಿಸಲು ಕಟ್ಟಿದ್ದು ಒಂದೂರಿನ ಗಂಡಸರನ್ನು ಉಪವಾಸ ಕೆಡವಿದ್ದು ಆಕೆಗೆ ತಡೆಯಲಾಗಲಿಲ್ಲ. ಮರುದಿನ ಬೆಳಗ್ಗೆ ಒಲೆಯಿಂದ ಇದ್ದಿಲು ಆರಿಸಿ ಚೀಲಕ್ಕೆ ತುಂಬಿ ದ್ಯಾಮಮ್ಮನ ಊರಿಗೆ ಹೊರಟಳು. ಅಡ್ಡ ಬಂದ ಗಂಡನಿಗೆ ತೀರ್ಥಮ್ಮನೇ ಉತ್ತರ ಕೊಟ್ಟರು: "ನಾನೂ ಹೋಗ್ತೀನಿ ಕಣೋ. ನನ್ ಮೂಗು ಅವ್ರೂ ನೋಡ್ಲಿ."

ಊರಲ್ಲಿ ಹೆಂಗಸರು ಮಾತ್ರ ಇದ್ದರು. ಸುಣ್ಣ ಬಳಿದಿದ್ದ ಚಾವಡಿಯ ಗೋಡೆಯ ಮೇಲೆ ಮಲ್ಲಿಕಾಂಬ ಉದ್ದನೆಯ ಊಟದ ಪಂಕ್ತಿಯನ್ನು ಬರೆದಳು. ಹಪ್ಪಳಕ್ಕೆ ಕೈಚಾಚಿದವರು, ತೂಕಡಿಸುತ್ತ ಉಣ್ಣುವವರು, ತುದಿಯಲ್ಲಿ ಸೀನುತ್ತಿರುವ ಅತ್ತೆ. ಬರೆಯುತ್ತ ಪದ್ಯ ಹೇಳಿದಳು. ಹೆಂಗಸರ ನಗು ಜೋಳದ ಹೊಲದ ತನಕ ಹೋಯಿತು. ತೆನೆಗಳ ನಡುವೆ ಒಂದು ರುಮಾಲು ಕಾಣಿಸಿತು. ಅದು ದ್ಯಾಮಮ್ಮನ ಗಂಡ ಚಿಕ್ಕಬೀರಪ್ಪನದು.

"ಚೀಲದಾಗೆ ಏನೈತೆ?" ಅವನು ದೂರದಿಂದಲೇ ಕೇಳಿದ.

"ಇದ್ಲು ಕಣಪ್ಪಾ."

"ಕತ್ರಿ ಇಲ್ವಾ?"

"ಬೇಕಾದ್ರೆ ಮನೆಯಿಂದ ತರಿಸ್ತೀನಿ," ಎಂದರು ತೀರ್ಥಮ್ಮ. ಅವನು ಮತ್ತೆ ಹೊಲ ಹೊಕ್ಕ. ಸೊಸೆ ಅತ್ತೆಯ ಬಾಯಿ ಮುಚ್ಚಿಸಿ, ಹೊಲಕ್ಕೆ ನುಗ್ಗುವ ರುಮಾಲನ್ನೂ ಗೋಡೆಗೆ ಏರಿಸಿದಳು. ಅದನ್ನು ನೋಡಲು ಗಂಡಸರು ಒಬ್ಬೊಬ್ಬರಾಗಿ ಹೊರಬಂದರು. "ನನ್ನೂ ಬರೀರಿ, ಮೀಸೆ ದಪ್ಪಕ್ಕಿರ್ಲಿ," ಎಂದು ಚಿಕ್ಕಬೀರಪ್ಪನೇ ಕೊನೆಗೆ ಮುಂದೆ ನಿಂತ. ಸಂಜೆ ಗಾಡಿ ಕಟ್ಟಿ ಅವರನ್ನು ಅಜ್ಜಂಪುರಕ್ಕೆ ಬಿಟ್ಟುಹೋದವನೂ ಅವನೇ.

ಮುಂದಿನ ವರ್ಷ ತುರ್ತು ಪರಿಸ್ಥಿತಿ ಮುಗಿದು ಜೀಪು ಬರುವುದು ನಿಂತಿತು. ಶಿವಮೂರ್ತಪ್ಪನವರು ತಾವು ಮೊದಲಿನಿಂದಲೂ ಏಳದ ಎಮ್ಮೆಯ ಪರವೇ ಇದ್ದುದಾಗಿ ಸಂಘದಲ್ಲಿ ಭಾಷಣ ಮಾಡಿದರು. ಕಾರ್ಯದರ್ಶಿ ವಂದನಾರ್ಪಣೆ ಮಾಡಿದ.

ಮಲ್ಲಿಕಾಂಬ ಎರಡನೆಯ ಪುಸ್ತಕ ತಂದದ್ದು ಎಂಬತ್ತಮೂರನೆಯ ಇಸವಿಯಲ್ಲಿ. ಕಡೂರಿನಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಪ್ರೇಮಮ್ಮನ ಹತ್ತಿರ ಸೈಕ್ಲೋಸ್ಟೈಲ್ ಯಂತ್ರವಿತ್ತು. ಮೇಣದ ಹಾಳೆಯ ಮೇಲೆ ಕಡ್ಡಿಯಿಂದ ಗೀಚಿದ್ದು ಗೀಚಿದಂತೆಯೇ ಬೀಳುತ್ತದೆ. ನಡುವೆ ತಿದ್ದುವವರಿಲ್ಲ, ಬಾಳೆಕಂಬವಿಲ್ಲ. ಮಲ್ಲಿಕಾಂಬ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ, ಕೈಯೆಲ್ಲ ಶಾಯಿ ಮಾಡಿಕೊಂಡು ತಾನೇ ಹಿಡಿಕೆ ತಿರುಗಿಸಿದಳು. ಮುನ್ನುಡಿ ಬರೆಯಲು ಮೇಷ್ಟ್ರು ತಾವಾಗಿ ಬಂದರು. "ಬರೆದಾಗಿದೆ ಸಾರ್," ಎಂದು ಆಕೆ ಹಾಳೆ ತೋರಿಸಿದಳು. ಕೆಂಪು ಪೆನ್ನು ಹಿಡಿದ ಕೊಕ್ಕರೆಯೊಂದು ಕನ್ನಡಕ ಹಾಕಿಕೊಂಡು ಮೀನಿನ ಈಜನ್ನು ತಿದ್ದುತ್ತಿತ್ತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿದರು. "ಕೊಕ್ಕರೆ ಜ್ಞಾನದ ಸಂಕೇತ. ಒಳ್ಳೇ ರೂಪಕ," ಎಂದರು.

ಆ ಪುಸ್ತಕವನ್ನು ಷಣ್ಮುಖಪ್ಪನವರೇ ಅಂಗಡಿಯಲ್ಲಿಟ್ಟು ಮಾರಿದರು. ಕೊಬ್ಬರಿಗೆ ಬಂದವರು ಸಾವ್ಕಾರರ ಪದ್ಯವಿರುವ ಪುಟ ಯಾವುದೆಂದು ಕೇಳಿದರೆ ಬೆರಳಲ್ಲಿ ಅದನ್ನೇ ತೆಗೆದುಕೊಟ್ಟು ಬೇರೆ ಕಡೆ ನೋಡುತ್ತಿದ್ದರು. ರಾತ್ರಿಯ ಊಟಕ್ಕೆ ಓದುವ ಕೆಲಸವನ್ನೂ ಅವರೇ ವಹಿಸಿಕೊಂಡರು. ಓದುತ್ತಿದ್ದದ್ದು ಕೊಬ್ಬರಿಯ ದರ ಕೂಗಿದ ಹಾಗೆ. ಪಂಕ್ತಿಯಲ್ಲಿ ನಗು ಎದ್ದಾಗ ನಿಲ್ಲಿಸಿ, ಮುಖ ಗಂಟಿಕ್ಕಿಕೊಂಡೇ ಕೇಳುತ್ತಿದ್ದರು: "ಎಲ್ರದೂ ಆಯ್ತಾ? ಮುಂದಿನ್ದು ಓದ್ಲಾ?"