ಸೆರಗಿನ ಚೂರು ಸುತ್ತಿದ ಚಾವಿ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಕಾರಿನ ಚಾವಿ ತೂಗುತ್ತದೆ. ಅದರ ತಲೆಗೆ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನ ಚೂರೊಂದನ್ನು ನಾಲ್ಕಾರು ಸುತ್ತು ಬಿಗಿಯಾಗಿ ಸುತ್ತಿ, ದಾರ ಹಾಕಿ ಹೊಲಿದಿದೆ. ನವರಾತ್ರಿಯ ಹೊತ್ತಿಗೆ ಅದು ಅಲ್ಲಿ ಕಾಣಿಸಿಕೊಂಡಿತು. ಕಾರಿಗೆ ಪೂಜೆ ಮಾಡಿದ ನನ್ನ ಹೆಂಡತಿ ಸುಶೀಲಾ ಚಾವಿಗೂ ಒಂದು ಅರಿವೆ ಉಡಿಸಿರಬೇಕೆಂದು ತಿಳಿದೆ; ತಿಳಿದು, ಮೆಚ್ಚಿ, ಮರೆತುಬಿಟ್ಟೆ. ಹೀಗೆ ತಿಳಿದು ಮೆಚ್ಚಿ ಮರೆತ ಸಂಗತಿಗಳು ನನ್ನ ಬಾಳಿನಲ್ಲಿ ಎಷ್ಟಿವೆಯೋ, ಮಿತ್ರರೇ, ಇದೊಂದನ್ನು ಮಾತ್ರ ಇಂದು ನಿಮ್ಮೆದುರು ಬಿಚ್ಚಿಡುತ್ತೇನೆ.

ಮಾಗಿಯ ಚಳಿ ಹೈದರಾಬಾದಿಗೆ ಇಳಿದಾಗಿನಿಂದ ಅಮೀರ್‌ಪೇಟೆಯ ನಮ್ಮ ಓಣಿಮನೆಯಲ್ಲಿ ಎರಡು ಫಿರ್ಯಾದುಗಳಿದ್ದವು. ಹದಿನೆಂಟು ವರ್ಷದ ನಮ್ಮ ಕಾರು ಬೆಳಗಿನಲ್ಲಿ ಏಳುತ್ತಿರಲಿಲ್ಲ. ಬಿಸಿಲೇರಿದ ಮೇಲೆ, ಹೇಗೋ ಒಮ್ಮೆ ಎಬ್ಬಿಸಿದರೆ ಸಾಕು, ದಿನವಿಡೀ ಮುಟ್ಟಿದೊಡನೆ ಗುನುಗುತ್ತಿತ್ತು. ಸುಶೀಲಾಳ ಬೆರಳುಗಳೂ ಬೆಳಗಿನಲ್ಲಿ ಬಿಗಿದುಕೊಂಡು, ಹತ್ತು ಹೊಡೆಯುವ ಹೊತ್ತಿಗೆ ಸಡಿಲಾಗುತ್ತಿದ್ದವು. ಅವಳನ್ನು ಒಂದು ಮಧ್ಯಾಹ್ನ ಓಣಿಯ ತುದಿಯ ಡಾಕ್ಟರರ ಬಳಿಗೆ ಕರೆದೊಯ್ದಿದ್ದೆ. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆಂದು ಸರಿಯಾಗಿ ಹೇಳಬೇಕು, ತಡ ಮಾಡಿದರೆ ಕೀಲುಗಳು ಸೊಟ್ಟಾಗಿಬಿಡುತ್ತವೆ, ಆಮೇಲೆ ನೆಟ್ಟಗಾಗುವುದಿಲ್ಲ ಎಂದು ಅವರು ಎಚ್ಚರಿಸಿದರು. ಸುಶೀಲಾ ಅವರೆದುರು ಅಂಗೈಯನ್ನು ಚೆಂದವಾಗಿ ಮುಚ್ಚಿ ತೆರೆದು, “ಸ್ವಲ್ಪಽ ಸ್ವಲ್ಪ್ರಿ, ಹಾಸಿಗಿ ಬಿಟ್ಟು ಏಳೂದ್ರಾಗ ಹೋಗತೈತಿ” ಎಂದಳು. ಅವರು ಮುಲಾಮು ಬರೆದುಕೊಟ್ಟರು. ನಾನು ಗಚ್ಚಿಬೌಲಿಯಲ್ಲಿರುವ ಮಗಳಿಗೆ ಫೋನು ಮಾಡಿ, “ಅವ್ವಗ ಏನೂ ಇಲ್ಲ, ಆರಾಮ ಅದಾಳ” ಎಂದು ವರದಿ ಒಪ್ಪಿಸಿದೆ.

ಕಾರಿಗೆ ಮಾತ್ರ ಮುಲಾಮು ಸಿಗಲಿಲ್ಲ. ಬ್ಯಾಟರಿ ಬದಲಾಯಿತು, ಪ್ಲಗ್ ಬದಲಾದವು, ರೋಗ ಬದಲಾಗಲಿಲ್ಲ. ಚಾವಿಯನ್ನು ಅರ್ಧ ತಿರುವಿ, ಹಿಂದಿನ ಸೀಟಿನಡಿಯಲ್ಲಿ ಪೆಟ್ರೋಲ್ ಪಂಪು ಝೂಂಗುಟ್ಟಿ ಸುಮ್ಮನಾಗುವವರೆಗೆ ಕಾದು, ಆಮೇಲೆ ಸೆಲ್ಫ್ ಹೊಡೆಯಬೇಕೆಂದು ಎದುರುಮನೆಯವರು ಹೇಳಿದರು. ಅದೆಲ್ಲ ಬೇಡ, ಆಕ್ಸಿಲರೇಟರ್ ಒತ್ತಿ ಹಿಡಿಯಿರಿ ಎಂದು ಮೇಲ್ಮನೆಯವರು. ನಾನು ಇಬ್ಬರ ಮನಸ್ಸನ್ನೂ ನೋಯಿಸಲಾರದೆ ಎರಡನ್ನೂ ಮಾಡಿ, ಎರಡರಿಂದಲೂ ಕೆಟ್ಟೆ. ನನ್ನ ಮೊದಲ ಕಾರಿಗೆ ಚೋಕ್ ಎಂಬ ಗುಬುಟು ಇತ್ತು: ಚಳಿಯೆನಿಸಿದರೆ ಹೊರಗೆಳೆ, ಬೆಚ್ಚಗಾದರೆ ಒಳಗೆ ನೂಕು. ಚಳಿಯನ್ನು ನನ್ನ ಮೈಯೇ ಅರಿಯುತ್ತಿತ್ತು, ನನ್ನ ಕೈಯೇ ಅದಕ್ಕೆ ಉಪಾಯ ಮಾಡುತ್ತಿತ್ತು. ಈ ಕಾರಿನಲ್ಲಿ ಅಂಥ ಗುಬುಟೇ ಇಲ್ಲ. ಎಲ್ಲೋ ಒಳಗೆ ಕುಳಿತ ಡಬ್ಬಿಯೊಂದು ಯಾರೋ ಕೊಟ್ಟ ವರದಿಯನ್ನು ನಂಬಿ, ಎಷ್ಟು ಪೆಟ್ರೋಲು ಬಿಡಬೇಕೆಂದು ತೀರ್ಮಾನಿಸುತ್ತದಂತೆ. ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ದುಡಿದ ನನಗೆ ಈ ಏರ್ಪಾಡು ಅಪರಿಚಿತವೇನಲ್ಲ, ಆದರೂ ಗೊಂದಲವಾಯಿತು.

ಕೊನೆಗೆ ಜೀಡಿಮೆಟ್ಲಾದ ಮೆಕ್ಯಾನಿಕ್ ಖಾಜಾಭಾಯಿಯನ್ನು ಹಿಡಿದೆ. ಮೂಲ ರಾಯಚೂರು ಕಡೆಯವರು. ತೆಲುಗು, ಉರ್ದುಗಳ ನಡುವೆ ಅವರ ಕನ್ನಡ ಕೇಳಿದರೆ ನನ್ನ ಅಜ್ಜನ ಪಡಸಾಲೆಯಲ್ಲಿ ಕೂತಂತಾಗುತ್ತದೆ. ಫೋನಿನಲ್ಲೇ ತಾಕೀತು ಮಾಡಿದರು: “ಸಾಹೇಬ್ರ, ನಾ ಬರೂತನಕ ಗಾಡಿಗೆ ಕೈ ಹಚ್ಚಬ್ಯಾಡ್ರಿ. ತಣ್ಣಗ ಮಲಗಿದ್ ಗಾಡೀನಽ ನನಗ ಬೇಕು.”

ಮರುದಿನ ನಾನು ವಾಯುವಿಹಾರದಿಂದ ಮರಳುವುದಕ್ಕೂ ಅವರು ಬರುವುದಕ್ಕೂ ಸರಿಹೋಯಿತು. ನಾನು ಚಾವಿ ತಿರುವಿದರೆ, ಅಯ್ಯೋ, ಕಾರು ಒಂದೇ ಸಲಕ್ಕೆ ಎದ್ದು ನಗುತ್ತದೆ! ಅದನ್ನು ಆರಿಸಿ ಚಾವಿ ತೆಗೆದೆ. ಖಾಜಾಭಾಯಿ ಬಾನೆಟ್ ಎತ್ತಿ ಇಂಜಿನ್ನಿನ ಮೇಲೆ ಅಂಗೈ ಇಟ್ಟರು.

“ಕಾದೈತಲ್ರಿ! ಯಾರೋ ಚಾಲೂ ಮಾಡ್ಯಾರ.”

ನಾನು ಆಣೆ ಇಡಲು ಬಾಯಿ ತೆರೆಯುವಷ್ಟರಲ್ಲಿ ಸುಶೀಲಾ ಚಹಾದ ತಾಟು ಹಿಡಿದು ಹೊರಬಂದಳು.

“ನಾನಽ ಮಾಡೀನ್ರಿ. ಮನಿಗೆ ಬಂದವ್ರ ಮುಂದ ಖೊರ್ ಖೊರ್ ಅಂತ ಕೆಮ್ಮಿದ್ರ ಚೆಂದೇನ್ರಿ? ಓಣಿ ಮಂದಿ ಎಲ್ಲಾ ನೋಡ್ತಾರ.”

ಖಾಜಾಭಾಯಿ ತಲೆ ಚಚ್ಚಿಕೊಂಡು ನಕ್ಕರು. “ಅಕ್ಕಾರ, ಹಕೀಮ ಬರೂ ಮೊದಲಽ ಪೇಶಂಟಿಗೆ ಸುರ್ಮಾ ಹಚ್ಚಿ ಕುಂದರ್ಸಿದಂಗಾತಲ್ರಿ! ಎಷ್ಟ್ ಸಲ ಸೆಲ್ಫ್ ಹೊಡದ್ರಿ?”

“ಏಳೋ ಎಂಟೋ. ಎರಡೂ ಕೈ ಹಚ್ಚಿ ತಿರುವಿ ತಿರುವಿ ಸಾಕಾತು.”

“ಎರಡೂ ಕೈ ಯಾಕ?” ಎಂದೆ ನಾನು.

ಅವಳು ತಾಟಿನ ಕಡೆ ನೋಡಿದಳು. “ಚಾವಿ ಸಣ್ಣದು” ಎಂದು ಒಳಗೆ ಹೋದಳು.

ಚಾವಿ ನನ್ನ ಕೈಯಲ್ಲೇ ಇತ್ತು. ಹದಿನೆಂಟು ವರ್ಷ ಸಣ್ಣದಾಗದ ಚಾವಿ ಈಗೇಕೆ ಸಣ್ಣದಾಯಿತು? ದಿನವೂ ಹಿಡಿದಿದ್ದ ಆ ಕೆಂಪು ಅರಿವೆಯನ್ನು ನಾನು ಆಗ ಮೊದಲ ಬಾರಿಗೆ ಗಮನವಿಟ್ಟು ನೋಡಿದೆ. ಅದು ಪೂಜೆಯ ಉಡುಗೆಯಾಗಿರಲಿಲ್ಲ; ಮಡಚಲಾರದ ಬೆರಳುಗಳಿಗೆ ಹಿಡಿತ ಸಿಗಲೆಂದು ದಪ್ಪ ಮಾಡಿದ ತಲೆಯಾಗಿತ್ತು. ಕಾರು ಕೆಡುವ ಮುಂಚೆ ಶನಿವಾರದ ಬೆಳಗುಗಳಲ್ಲಿ ತರಕಾರಿಗೆ ಅದನ್ನು ಒಯ್ಯುತ್ತಿದ್ದವಳು ಅವಳೇ. ಒಳಗೆ ಹೋಗಿ ನೋಡಿದರೆ ಸೌಟಿನ ಹಿಡಿಕೆಗೂ ಅದೇ ಸೆರಗು. ಆರು ಗಂಟೆಗೆ ಕೇಳುತ್ತಿದ್ದ ರೊಟ್ಟಿ ಬಡಿಯುವ ಸಪ್ಪಳ ಎಷ್ಟೋ ದಿನಗಳಿಂದ ಹತ್ತಕ್ಕೆ ಸರಿದಿತ್ತು. ಬಿಸಿರೊಟ್ಟಿ ಊಟದ ಹೊತ್ತಿಗೆ ಸರಿಯಾಗಿ ಬರುತ್ತದೆಂದು ನಾನು ಅದನ್ನೂ ಮೆಚ್ಚಿದ್ದೆ.

ಅದರ ಮರುದಿನ, ಗಾಡಿ ತಣ್ಣಗಿರುವಾಗಲೇ ನೋಡಬೇಕೆಂದು ಆರಕ್ಕೇ ಬಂದ ಖಾಜಾಭಾಯಿ, ಸ್ಟಿಯರಿಂಗಿನ ಕೆಳಗೆ ಡಬ್ಬಿಯ ಲೆಕ್ಕ ಓದುವ ಸ್ಕ್ಯಾನರಿನ ವಾಯರು ಚುಚ್ಚಿ, ನನ್ನ ಅಂಗೈಯನ್ನೇ ಹಿಡಿದು ಇಂಜಿನ್ನಿನ ಮೇಲಿಟ್ಟರು. ಬಾವಿಗಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. ಸ್ಕ್ಯಾನರು ಮಾತ್ರ ಇಂಜಿನ್ನಿನ ಕಾವು ಎಂಬತ್ತು ಡಿಗ್ರಿ ಎನ್ನುತ್ತಿತ್ತು.

“ನೋಡ್ರಿ, ಇಂಜಿನ್ ಖರೇ ಐತಿ, ಡಬ್ಬೀನೂ ಖರೇ ಐತಿ. ನಡುವ ಒಂದು ಸೆನ್ಸರ್ ಸುಳ್ಳ ಹೇಳಾಕತ್ತೈತಿ. ಕಾದೈತಿ ಅಂತ ಅದು ಹೇಳತೈತಿ, ಡಬ್ಬಿ ನಂಬಿ ಪೆಟ್ರೋಲ್ ಕಮ್ಮಿ ಬಿಡತೈತಿ.”

“ಮತ್ತ ನಿನ್ನೆ ಯಾಕ ಸಿಗಲಿಲ್ಲ?”

“ನಿನ್ನೆ ಗಾಡಿ ಖರೇನಽ ಕಾದಿತ್ತಲ್ರಿ. ಅವಾಗ ಸುಳ್ಳೂ ಖರೇ ಕಾಣತೈತಿ.”

ಬೆರಳಿನಷ್ಟುದ್ದದ ಸೆನ್ಸರು ಬದಲಾಯಿತು, ಕಾರು ಎದ್ದಿತು, ನಾನು ಮಾತ್ರ ಕಟ್ಟೆಯ ಮೇಲೆ ಕೂತಲ್ಲೇ ಕೂತೆ. ನಮ್ಮ ಮನೆಯ ಲೆಕ್ಕದಲ್ಲಿ ಸುಳ್ಳು ಹೇಳಿದವರು ಯಾರು? ಸುಶೀಲಾ ಎನ್ನೋಣವೆಂದರೆ, ನೋವನ್ನು ಎಣ್ಣೆ ಹಚ್ಚಿ ತಲೆ ಬಾಚಿಯೇ ಪರರೆದುರು ನಿಲ್ಲಿಸಬೇಕೆಂದು ಕಲಿತ ಮನೆತನದವಳು. ನನ್ನ ಅಜ್ಜಿ ಕೂಡ ವೈದ್ಯರು ಬರುವರೆಂದರೆ ಜ್ವರದಲ್ಲೇ ಎದ್ದು ಮಡಿಕೆ ಮುರಿಯದ ಸೀರೆ ಉಟ್ಟು ಕೂರುತ್ತಿದ್ದಳು. ಅದನ್ನು ಸುಳ್ಳೆನ್ನಬೇಕೋ, ಸಂಸ್ಕಾರವೆನ್ನಬೇಕೋ, ಹಟವೆನ್ನಬೇಕೋ ನನಗೆ ಇಂದಿಗೂ ಬಗೆಹರಿದಿಲ್ಲ. ಆದರೆ ನಡುವೆ ಕುಳಿತವನು ನಾನು. ದಿನವೂ ಮಧ್ಯಾಹ್ನ, ಬಿಸಿ ರೊಟ್ಟಿ ಮುರಿಯುತ್ತ, “ಕೈ ಹ್ಯಾಂಗೈತಿ?” ಎಂದು ಕೇಳಿ, ಆ ಹೊತ್ತಿನ ಉತ್ತರವನ್ನು ಇಡೀ ದಿನದ ಉತ್ತರವೆಂದು ಮಗಳಿಗೆ ತಲುಪಿಸಿದವನು ನಾನು. ಚಳಿಯಲ್ಲಿ ಒಮ್ಮೆಯೂ ಅಂಗೈ ಇಟ್ಟು ನೋಡದೆ ಎಂಬತ್ತು ಡಿಗ್ರಿ ಎಂದವನು.

ಮುಂದಿನ ಬೆಳಗ್ಗೆ ಅವಳು ಬಿಸಿನೀರಿನಲ್ಲಿ ಕೈ ಅದ್ದಿ ಸಡಿಲಿಸಿಕೊಳ್ಳುವ ಮೊದಲೇ ಡಾಕ್ಟರರ ಬಳಿಗೆ ಹೊರಡಿಸಿದೆ. ಮುಷ್ಟಿ ಮಾಡಿ ಎಂದರು ಡಾಕ್ಟರು. ಬೆರಳುಗಳು ಅರ್ಧ ದಾರಿಗೆ ಬಂದು ನಿಂತವು. ಅವಳು ಗೋಡೆಯ ಕಡೆ ನೋಡುತ್ತಿದ್ದಳು; ನಾನು ಆ ಬೆರಳುಗಳನ್ನು ನೋಡಿದೆ, ನಲವತ್ತು ವರ್ಷದಲ್ಲಿ ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ. ರಕ್ತಪರೀಕ್ಷೆ ಬರೆದು, ಕೀಲುರೋಗದ ತಜ್ಞರಿಗೆ ಚೀಟಿ ಕೊಟ್ಟು, ಕೀಲುಗಳಿನ್ನೂ ಸೊಟ್ಟಾಗಿಲ್ಲ, ಈಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಮೆಟ್ಟಿಲಿಳಿಯುವಾಗ ಅವಳು, “ನನ್ನ ಮರ್ಯಾದಿ ತಗದ್ರಿ” ಎಂದಳು. “ಹೌದು” ಎಂದೆ.

ಈಗ ಔಷಧ ನಡೆದಿದೆ. ಕಾರು ಒಂದೇ ತಿರುವಿಗೆ ಏಳುತ್ತದೆ. ಅವಳ ಬೆರಳುಗಳು ಹೊಸ ಸೆನ್ಸರಿಗೆ ಬಗ್ಗುವಂಥವಲ್ಲ, ಮೆಲ್ಲಗೆ ಬರುತ್ತಿವೆ. ಮೊನ್ನೆ ಮೊಳೆಯಿಂದ ಚಾವಿ ತೆಗೆದು, ಈ ಅರಿವೆ ಬಿಚ್ಚಲೇ ಎಂದು ಕೇಳಿದೆ. ಅವಳು ಹಿಟ್ಟಿನ ಕೈಯನ್ನು ಒಮ್ಮೆ ಮಡಚಿ ನೋಡಿಕೊಂಡಳು.

“ಇರ್ಲಿ ಬಿಡ್ರಿ. ಬೆಳಿಗ್ಗಿ ಬೆರಳು ಸಡಿಲಾಗಾಕ ನನಗಿನ್ನೂ ಒಂದ್ ತಾಸು ಹಿಡಿತೈತಿ.”

ನಾನು ಚಾವಿಯನ್ನು ಮತ್ತೆ ಮೊಳೆಗೆ ಹಾಕಿ, ಮಗಳಿಗೆ ಫೋನು ಮಾಡಿ, ಆ ಒಂದು ತಾಸನ್ನು ಇದ್ದಂತೆಯೇ ಹೇಳಿದೆ.