ಬರ್ತೀನಿ ಅಂತ ಒತ್ತಿದವರು

ಹೋದ ಭಾನುವಾರ ನಾನು ಕೈಯಲ್ಲಿ ಕುಂಕುಮದ ಭರಣಿ ಹಿಡಿದುಕೊಂಡು ಬೆಟಗೇರಿಯ ಓಣಿ ಓಣಿ ಸುತ್ತಿದೆ. ಮದುವೆಗೆ ಕರೆಯಲಿಕ್ಕಲ್ಲ. ಸೀಮಂತಕ್ಕೂ ಅಲ್ಲ. ಒಂದು ಮೊಬೈಲ್ ಆ್ಯಪಿನ ಕಾರ್ಯಕ್ರಮಕ್ಕೆ!

ನಗಬೇಡಿ. ನಕ್ಕರೂ ಪರವಾಗಿಲ್ಲ, ನಾನೇ ಇನ್ನೂ ನಗುವುದು ನಿಲ್ಲಿಸಿಲ್ಲ. (ನಮ್ಮ ಮನೆಯವರು 'ಇಕಿಗೆ ಏನಾಗೇತಿ?' ಎಂದು ಮಗಳ ಹತ್ತಿರ ಗುಟ್ಟಾಗಿ ವಿಚಾರಿಸಿದರಂತೆ.)

ಆ್ಯಪಿನ ಒಡತಿ ನನ್ನ ನಾದಿನಿ ರೇಣುಕಾ. ನಮ್ಮ ಗದಗಿನ ಮಗ್ಗುಲಿಗೇ ಇರುವ ಬೆಟಗೇರಿಗೆ ಕೊಟ್ಟ ಹೆಣ್ಣು. ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದವಳು ಇಂಟರ್ನೆಟ್ ಉದ್ಯಮಿಯಾದದ್ದು ಖಾಲಿ ಕೊಡದಿಂದ. ನಮ್ಮ ಊರಿನಲ್ಲಿ ನಳದ ನೀರು ಯಾವಾಗ ಬರುತ್ತದೆಂದು ಹೇಳಬಲ್ಲ ಜ್ಯೋತಿಷಿ ಇನ್ನೂ ಹುಟ್ಟಿಲ್ಲ. ಅದಕ್ಕೇ ಅವಳು ಓಣಿಯ ಹೆಂಗಸರನ್ನು ಸೇರಿಸಿ ಫೋನಿನಲ್ಲಿ ಒಂದು ಗ್ರೂಪ್ ಮಾಡಿದಳು. ಹೆಸರು 'ನಳಾ ಬಂತೇನ್ರಿ?'

ನೀರಿನ ಹಿಂದೆ ಉಳಿದದ್ದೆಲ್ಲ ಬಂತು. ಕುಕ್ಕರಿನ ರಬ್ಬರ್ ಎಲ್ಲಿ ಸಿಗುತ್ತದೆ? ನಮ್ಮ ಆಕಳನ್ನು ಯಾರಾದರೂ ಕಂಡಿರಾ? ಆಸ್ಪತ್ರೆಯಲ್ಲಿ ರಕ್ತ ಬೇಕು, ಜಲ್ದಿ! ಅಸುಂಡಿಯಿಂದ ಮೆಂತ್ಯೆ ಪಲ್ಯ ಮಾರುವವಳು ಸೇರಿದಳು, ಲಕ್ಷ್ಮೇಶ್ವರದ ಟೇಲರುಗಳು ಸೇರಿದರು, ಶಿರಹಟ್ಟಿ, ಮುಂಡರಗಿಯವರು ಸೇರಿದರು. ಹಮ್ಮಿಗಿಯ ಒಬ್ಬ ಹಿರಿಯರಂತೂ ಹೊಳೆಯಲ್ಲಿ ನೀರೆಷ್ಟಿದೆ ಎಂದು ದಿನಾ ಬೆಳಿಗ್ಗೆ ಫೋಟೋ ಹಾಕತೊಡಗಿದರು. ಯಾರೂ ಕೇಳಿರಲಿಲ್ಲ. ಆದರೆ ಒಂದು ದಿನ ತಪ್ಪಿದರೆ ಎಲ್ಲರಿಗೂ ಗಾಬರಿ.

ಗ್ರೂಪ್ ತುಂಬಿ ತುಳುಕಿದಾಗ ರೇಣುಕಾ ನೌಕರಿ ಬಿಟ್ಟಳು. ಹುಬ್ಬಳ್ಳಿಯಲ್ಲಿ ಬಲ್ಲವರನ್ನು ಹಿಡಿದು ಆ್ಯಪ್ ಮಾಡಿಸಿದಳು. ಅದಕ್ಕೆ 'ಕಟ್ಟಿ' ಎಂದು ಹೆಸರಿಟ್ಟಳು. ಸಂಜೆ ಮನೆಮುಂದೆ ಕೂತು ಹರಟುತ್ತೇವಲ್ಲ, ಆ ಕಟ್ಟೆ.

ಕಟ್ಟಿ ಬೆಳೆಯಿತು, ಖರ್ಚೂ ಬೆಳೆಯಿತು. ಕೊನೆಗೆ ಬೆಂಗಳೂರಿನ ಒಂದು ಕಂಪನಿ ಕೈಜೋಡಿಸಲು ಮುಂದೆ ಬಂತು. ಒಂದೇ ಷರತ್ತು: ಈ ಬಳಗ ನಿಜವಾಗಿಯೂ ಇದೆಯೋ, ಫೋನಿನಲ್ಲಿ ಬರೀ ಹೆಸರುಗಳಿವೆಯೋ, ಕಣ್ಣಾರೆ ನೋಡಬೇಕು. ನೋಡಿ ಒಪ್ಪಿದರೆ ಕಟ್ಟಿ ಉಳಿಯಿತು. ಇಲ್ಲದಿದ್ದರೆ ಬಾಗಿಲು ಹಾಕಿ, ರೇಣುಕಾ ಮಾವನವರ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಕೂಡಬೇಕು. ಮಾವನವರು ಆಗಲೇ ಅವಳಿಗೊಂದು ಸ್ಟೂಲು ತೆಗೆದಿಟ್ಟಿದ್ದರು!

ರೇಣುಕಾ ಬೆಟಗೇರಿಯಲ್ಲಿ ಹಾಲ್ ಹಿಡಿದಳು. ತಿನ್ನಲಿಕ್ಕೆ ಗಿರ್ಮಿಟ್, ಮಿರ್ಚಿಗೆ ಹೇಳಿದಳು. ಆ್ಯಪಿನಲ್ಲಿ ಚಂದದ ಆಮಂತ್ರಣ ಹಾಕಿ ಕೆಳಗೆ ಎರಡು ಬಟನ್ ಇಟ್ಟಳು: 'ಬರ್ತೀನಿ', 'ಬರೂದಿಲ್ಲ'.

"ವೈನಿ, ಒಬ್ಬರರ ಬರೂದಿಲ್ಲ ಅಂತ ಒತ್ತಿಲ್ರಿ! ಎಲ್ಲಾರೂ ಬರ್ತೀನಿ ಅಂತ ಒತ್ಯಾರ!" ಎಂದು ಫೋನಿನಲ್ಲೇ ಕುಣಿದಳು.

ಭಾನುವಾರ ಬೆಳಗಿನ ಟ್ರೇನಿಗೆ ಕಂಪನಿಯ ಅನಿತಾ ಮೇಡಂ ಬಂದಿಳಿದರು. ಜೀನ್ಸ್, ಬೆನ್ನಿಗೊಂದು ಬ್ಯಾಗ್, ಮುಖದ ತುಂಬ ನಗು. ಗದಗಿನ ನಮ್ಮ ಮನೆಯಲ್ಲೇ ಸ್ನಾನ, ತಿಂಡಿ ಮುಗಿಸಿದರು. ಕಾರ್ಯಕ್ರಮ ಶುರುವಾಗಿ ಒಂದು ತಾಸಾಗಿರಬೇಕು ಎನ್ನುವ ಹೊತ್ತಿಗೆ ಅವರನ್ನು ಹಾಲಿಗೆ ಕರೆದೊಯ್ದೆ.

ಒಳಗೆ ಯಾರಿದ್ದರು ಹೇಳಿ? ಖುರ್ಚಿಗಳು. ಬರೀ ಖುರ್ಚಿಗಳು. ವೇದಿಕೆಯ ಮೇಲೆ ಲ್ಯಾಪ್‌ಟಾಪ್ ಅಪ್ಪಿಕೊಂಡು ನಿಂತ ರೇಣುಕಾ. ಹಿಂದೆ ಬಾಣಲೆಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತ ಅಡುಗೆಯವರು.

"ಇನ್ನೂ ಯಾರೂ ಬಂದಿಲ್ವಾ?" ಮೇಡಂ ಮೆಲ್ಲಗೆ ಕೇಳಿದರು. ರೇಣುಕಾ ಫೋನ್ ನನ್ನ ಕೈಗಿಟ್ಟಳು. ಕಟ್ಟಿಯಲ್ಲಿ ಒಂದರ ಹಿಂದೊಂದು ಮೆಸೇಜ್: 'ಕಾರ್ಯಕ್ರಮ ಹೆಂಗ ನಡದೈತ್ರಿ?' 'ಫೋಟೋ ಹಾಕ್ರಿ!' 'ಮಂದಿ ಭಾಳ ಕೂಡ್ಯಾರೇನ್ರಿ?'

ನನ್ನ ಸಿಟ್ಟು ನೆತ್ತಿಗೆ ಏರಿತು. ಮಂದಿ ಅಂದರೆ ನೀವೇ ಅಲ್ಲವೇ, ಪುಣ್ಯಾತ್ಮರೇ? ಹಾಲಿನ ಎದುರಿಗೇ ಕಸ್ತೂರೆವ್ವನ ಮನೆ. ಕಟ್ಟಿಯ ಮೊದಲ ಸದಸ್ಯೆ, ದಿನಕ್ಕೆ ಹತ್ತು ಸಲ ಹೂವಿನ ಚಿತ್ರ ಕಳಿಸುವಾಕೆ. ಜಗಳಕ್ಕೇ ಹೋದೆ.

ಹೋಗಿ ನೋಡಿದರೆ ಇಳಕಲ್ ಸೀರೆ ಉಟ್ಟು, ತುರುಬಿಗೆ ಮಲ್ಲಿಗೆ ಮುಡಿದು, ಬಾಗಿಲಲ್ಲೇ ಖುರ್ಚಿ ಹಾಕಿಕೊಂಡು ಕೂತಿದ್ದಾಳೆ ಪುಣ್ಯಾತ್ಗಿತ್ತಿ!

"ಅಲ್ಲ ಕಸ್ತೂರೆವ್ವಾ, ಬರ್ತೀನಿ ಅಂತ ಒತ್ತಿದ್ರಿಲ್ಲ?"

"ಒತ್ತೀನಿ. ಶುಭಕಾರ್ಯಕ್ಕ ಬರೂದಿಲ್ಲ ಅಂತ ಯಾರರ ಒತ್ತತಾರೇನ ನಮ್ಮವ್ವಾ?"

"ಮತ್ತ ಯಾಕ ಬಂದಿಲ್ಲ?"

"ಕರದಿದ್ರ ಬರ್ತಿದ್ದೆ."

"ಕರದಾಳಲ್ರಿ, ಫೋನಿನ್ಯಾಗ!"

ಕಸ್ತೂರೆವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಫೋನಿನ್ಯಾಗ ಬಂದದ್ದು ಖಬರ. ಹೊಸ್ತಿಲಕ್ಕ ಬಂದು ಹೇಳಿದ್ರ ಅದು ಕರಿಯೂದು. ಕರೀಲಾರದ ಹೋಗಿ ಎಲಿ ಮುಂದ ಕುಂತ್ರ ನಾಕ ಮಂದಿ ಏನಂದಾರು? ನೋಡ ಬೇಕಾದ್ರ, ಓಣಿ ಮಂದಿಯೆಲ್ಲಾ ಹಿಂಗ ಕುಂತೈತಿ."

ಓಣಿಯತ್ತ ತಿರುಗಿದೆ. ಖರೆ! ಪ್ರತಿ ಬಾಗಿಲಲ್ಲೂ ಒಂದು ಹೊಸ ಸೀರೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗಂಡಸರು. ಎಲ್ಲರೂ ತಯಾರಾಗಿ, ಕಣ್ಣನ್ನು ರಸ್ತೆಗಿಟ್ಟು, ಯಾರಾದರೂ ಬಂದು ಕರೆಯಲಿ ಎಂದು ಕಾಯುತ್ತಿದ್ದಾರೆ!

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಾನೂ ಇದೇ ಊರಿನವಳಲ್ಲವೇ? ಮನೆಗೆ ಬಂದು ಕರೆಯಲಿಲ್ಲ ಎಂದು ಸ್ವಂತ ಚಿಕ್ಕಪ್ಪನ ಮನೆಯ ಗೃಹಪ್ರವೇಶಕ್ಕೆ ಹೋಗದೆ ಮುಖ ಊದಿಸಿಕೊಂಡು ಕೂತವಳು! ಫೋನಿನಲ್ಲಿ ನಾವು ಏನನ್ನು ಒತ್ತುವುದಿಲ್ಲ ಹೇಳಿ? ಹುಟ್ಟಿದ ಸುದ್ದಿಗೂ ಹೆಬ್ಬೆರಳು, ಸತ್ತ ಸುದ್ದಿಗೂ ಹೆಬ್ಬೆರಳು. ಬೆರಳು ಒತ್ತಿದ್ದಕ್ಕೂ ಕಾಲು ಏಳುವುದಕ್ಕೂ ಸಂಬಂಧವೇ ಇಲ್ಲ.

ಕಸ್ತೂರೆವ್ವ ಒಳಗೆ ಹೋಗಿ ತನ್ನ ಬೆಳ್ಳಿಯ ಭರಣಿ ತಂದು ನನ್ನ ಕೈಗಿಟ್ಟಳು. "ಮೊದಲ ನನ್ನ ಕರಿ. ಆಮ್ಯಾಲ ಉಳದವರ್ನ."

ಕರೆದೆ. ಕುಂಕುಮ ಹಚ್ಚಿ, "ಬರ್ರಿ" ಎಂದೆ. ಅಷ್ಟೇ! ಎದ್ದಳು ನೋಡಿ, ಹಾಲಿನತ್ತ ಹೊರಟೇಬಿಟ್ಟಳು.

ನಾನು ಓಡಿಹೋಗಿ ರೇಣುಕಾಳನ್ನು ವೇದಿಕೆಯಿಂದ ಇಳಿಸಿದೆ. ಮೇಡಂಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕೂಡಲೇ, "ನಾನೂ ಬರ್ತೀನಿ, ಕರೆಯೋಕೆ" ಎಂದರು. ಹೊರಗೆ ಆಟೋದಲ್ಲಿ ದಸ್ತಗೀರ್ ಕೂತಿದ್ದ. ಅವನೂ ಕಟ್ಟಿಯ ಸದಸ್ಯನೇ.

"ನಮ್ಮ ಅಮ್ಮೀನೂ ತಯಾರಾಗಿ ಕುಂತಾಳ್ರಿ ಅಕ್ಕಾರ. ಮೊದಲ ನಮ್ಮ ಮನಿಗೇ ಹೋಗೂಣ್ರಿ!"

ಅಲ್ಲಿ ಕುಂಕುಮವಿಲ್ಲ, ಬಾಯಿಮಾತು. ಆದರೆ ಚಹಾ ಬಿಡಲಿಲ್ಲ. ಯಾವ ಮನೆಯಲ್ಲಿ ಬಿಟ್ಟರು? ಕರೆದು ಹಾಗೇ ಹೊರಟರೆ ಅದು ಕರೆದಂತೆ ಲೆಕ್ಕವಿಲ್ಲ. ಕೂಡಬೇಕು, ಕುಡಿಯಬೇಕು, ಮನೆಮಂದಿಯ ಆರೋಗ್ಯ ವಿಚಾರಿಸಬೇಕು. ಮೊದಲ ಸಲ ಮನೆಗೆ ಬಂದ ಹೆಣ್ಣುಮಗಳೆಂದು ಮೇಡಂಗೆ ಉಡಿ ತುಂಬಲು ಒಬ್ಬಾಕೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ತಂದಳು. ಜೀನ್ಸಿಗೆ ಸೆರಗೆಲ್ಲಿ? ತನ್ನ ಮಗಳ ವೇಲನ್ನೇ ಅವರ ಸೊಂಟಕ್ಕೆ ಕಟ್ಟಿ ತುಂಬಿದಳು! ಆಟೋ ಕುಲುಕಿದಾಗಲೆಲ್ಲ ಅಕ್ಕಿ ಉದುರುತ್ತಿತ್ತು, ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ದೂರದ ಊರುಗಳ ಗತಿ? ರೇಣುಕಾ ಊರಿಗೊಬ್ಬರಿಗೆ ಫೋನ್ ಹಚ್ಚಿ, "ನನ್ನ ಪರವಾಗಿ ಮನಿಮನಿಗೆ ಹೋಗಿ ಕರೀರಿ" ಎಂದಳು. ಮಧ್ಯಾಹ್ನದ ಬಸ್ಸುಗಳಲ್ಲಿ ಮುಂಡರಗಿ, ಲಕ್ಷ್ಮೇಶ್ವರದ ಮಂದಿ ಬಂದಿಳಿಯತೊಡಗಿದರು.

ಹಾಲ್ ತುಂಬಿತು. ಖುರ್ಚಿ ಮುಗಿದು ಮಂದಿ ನೆಲದ ಮೇಲೆ ಕೂತರು. ರೇಣುಕಾಳ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಹಮ್ಮಿಗಿಯ ಹಿರಿಯರು ಮೈಕ್ ಹಿಡಿದು, "ನಾನ ನೋಡ್ರಿ, ಹೊಳಿ ಫೋಟೋ ಹಾಕಾಂವ" ಎಂದದ್ದೇ ತಡ, ಸಿನಿಮಾ ಹೀರೋ ಬಂದಂತೆ ಸೀಟಿ! ರಕ್ತ ಕೊಟ್ಟವನನ್ನು ರಕ್ತ ಪಡೆದವಳ ತಾಯಿ ಹುಡುಕಿ ಹುಡುಕಿ ಕೈಹಿಡಿದುಕೊಂಡಳು. ರೇಣುಕಾ ಬಾಗಿಲ ಬಳಿ ನಿಂತು ಗೊಳೋ ಎಂದು ಅತ್ತಳು. ನಾನೂ ಅತ್ತೆ. ಅಳುತ್ತಲೇ ಮಿರ್ಚಿ ತಿಂದೆ.

ಸಂಜೆ ಸ್ಟೇಷನ್ನಿನಲ್ಲಿ ರೇಣುಕಾ ಧೈರ್ಯ ಮಾಡಿ ಕೇಳಿದಳು, "ನಮ್ಮ ಜೋಡಿ ಬರ್ತೀರಿಲ್ರಿ ಮೇಡಂ?"

"ಬರ್ತೀನಿ!" ಮೇಡಂ ತಟ್ಟನೆ ಹೇಳಿದರು. ಟ್ರೇನ್ ಹೊರಟಿತು.

ಇದು ಯಾವ ಊರಿನ 'ಬರ್ತೀನಿ'? ಇಡೀ ದಿನ ನಮ್ಮೊಡನೆ ಓಡಾಡಿ ನಮ್ಮದನ್ನೇ ಕಲಿತುಬಿಟ್ಟರೋ ಏನೋ!

ಸೋಮವಾರ ಸುದ್ದಿಯಿಲ್ಲ. ಮಂಗಳವಾರ ಇಲ್ಲ. ಮೇಲ್ ಇಲ್ಲ, ಮೆಸೇಜ್ ಇಲ್ಲ. ರೇಣುಕಾ ಊಟ ಬಿಟ್ಟಳು. ಮಾವನವರು ಸ್ಟೂಲು ಒರೆಸಿಟ್ಟರು. ಅವಳಿಗೆ ಸಮಾಧಾನ ಹೇಳಲೆಂದು ನಾನು ಬೆಟಗೇರಿಗೆ ಹೋಗಿ ಅವಳ ಮನೆಯಲ್ಲೇ ಉಳಿದೆ.

ನಿನ್ನೆ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ನಾನು ತಲೆಗೆ ಎಣ್ಣೆ ಮೆತ್ತಿಕೊಂಡು ಹಳೇ ನೈಟಿಯಲ್ಲಿದ್ದೆ. ಹಾಗೇ ತೆರೆದೆ. ಎದುರಿಗೆ ಅನಿತಾ ಮೇಡಂ!

"ಮೇಲ್ ಕಳಿಸೋಣ ಅಂತ ಕೂತಿದ್ದೆ. ಯಾಕೋ ಸರಿ ಅನ್ನಿಸ್ಲಿಲ್ಲ. ಅದಕ್ಕೇ ಹೇಳೋಕೆ ಮನೆಗೇ ಬಂದೆ. ಕಂಪನಿ ಒಪ್ಪಿದೆ. ಕಟ್ಟಿ ನಡೆಯುತ್ತೆ ರೇಣುಕಾ!"

ರೇಣುಕಾ ಕಿರುಚಿದಳು, ಅವರನ್ನು ತಬ್ಬಿಕೊಂಡಳು, ನನ್ನನ್ನು ತಬ್ಬಿಕೊಂಡಳು. ಒಳಗಿಂದ ಬಂದ ಮಾವನವರನ್ನೂ ತಬ್ಬಿಕೊಳ್ಳಲು ಹೋಗಿ ಅರ್ಧಕ್ಕೆ ನಿಂತು ಕಾಲಿಗೆ ಬಿದ್ದಳು.

ನಾನೇನು ಅಂದೆ ಗೊತ್ತೇ?

"ಅಯ್ಯ, ಬರೂಕಿಂತ ಮೊದಲ ಒಂದು ಮೆಸೇಜ್ ಹಾಕಬಾರದಿತ್ತೇನ್ರಿ ಮೇಡಂ? ಮನ್ಯಾಗ ಒಂದು ಹನಿ ಹಾಲಿಲ್ಲ!"